ಚೆಸ್ ಪುಸ್ತಕ ಓದುವುದು ಹೇಗೆ? ಅಕ್ಷರ, ಅಂಕಿಗಳ ಹಿಂದೆ ಏನಿದೆ?

2024ರ ಡಿಸೆಂಬರ್ 12ರಂದು ಸಿಂಗಾಪುರದಲ್ಲಿ 18 ವರ್ಷದ ಡಿ. ಗುಕೇಶ್, ಚೀನಾದ ಡಿಂಗ್ ಲಿರೆನ್ ಅವರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದರು. ಅವತ್ತಿನಿಂದ ಚೆಸ್ ಕಡೆ ತಿರುಗಿಯೂ ನೋಡದಿದ್ದ ಎಷ್ಟೋ ಜನರಿಗೆ ಈ ಆಟದ ಮೇಲೆ ಆಸೆ ಹುಟ್ಟಿದೆ. ಬೋರ್ಡ್ ತರುತ್ತಾರೆ, ಜೊತೆಗೆ ಒಂದು ಪುಸ್ತಕವನ್ನೂ ತರುತ್ತಾರೆ. ಪುಸ್ತಕ ತೆರೆದರೆ ಪುಟದ ತುಂಬಾ ಬಿಡಿ ಅಕ್ಷರ, ಅಂಕಿ, ಆಶ್ಚರ್ಯಸೂಚಕ ಚಿಹ್ನೆ. ಎರಡು ಪುಟ ನೋಡಿ ಮುಚ್ಚಿಡುತ್ತಾರೆ. ಇದು ತಮ್ಮಂಥವರಿಗಲ್ಲ ಅಂದುಕೊಳ್ಳುತ್ತಾರೆ.

ಆದರೆ ಆ ಅಕ್ಷರಗಳನ್ನು ಕಲಿಯಲು ಅರ್ಧ ಗಂಟೆ ಸಾಕು. ಕಲಿತ ಮೇಲೆ ಐನೂರು ವರ್ಷಗಳ ಆಟಗಾರರು ಏನು ಯೋಚಿಸಿದರು, ಎಲ್ಲಿ ಎಡವಿದರು ಅನ್ನುವುದೆಲ್ಲ ನಮ್ಮ ಮೇಜಿನ ಮೇಲೆ ಬಂದು ಕೂರುತ್ತದೆ. ಬೇರೆ ಯಾವ ಆಟಕ್ಕೂ ಇಷ್ಟು ಪೂರ್ತಿಯಾದ ದಾಖಲೆ ಇರುವುದು ಕಷ್ಟ. ನೂರು ವರ್ಷ ಹಿಂದಿನ ಕ್ರಿಕೆಟ್ ಪಂದ್ಯದ ಸ್ಕೋರ್ ಮಾತ್ರ ನಮಗೆ ಸಿಗುತ್ತದೆ. ಅದೇ ಕಾಲದ ಚೆಸ್ ಆಟ ಮೊದಲ ನಡೆಯಿಂದ ಕೊನೆಯ ನಡೆಯವರೆಗೂ ಸಿಗುತ್ತದೆ, ಮತ್ತೆ ಆಡಿ ನೋಡಬಹುದು.

## ಮೊದಲು ಲಿಪಿ ಕಲಿಯೋಣ

ಚೆಸ್ ನಡೆಗಳನ್ನು ಬರೆಯುವ ಪದ್ಧತಿಗೆ ನೋಟೇಶನ್ ಅನ್ನುತ್ತಾರೆ. ಸಿನಿಮಾ ಹಾಲ್‌ನಲ್ಲಿ ಸೀಟು ಹುಡುಕುವುದು ಗೊತ್ತಿದ್ದರೆ ಇದೂ ಗೊತ್ತಿದ್ದ ಹಾಗೆಯೇ. ಬೋರ್ಡ್‌ನಲ್ಲಿ 64 ಮನೆಗಳಿವೆ. ಬಿಳಿ ಕಾಯಿಯವರ ಎಡದಿಂದ ಬಲಕ್ಕೆ ಎಂಟು ಕಂಬಸಾಲುಗಳು, ಅವಕ್ಕೆ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್ ಅಂತ ಹೆಸರು. ಬಿಳಿಯ ಕಡೆಯಿಂದ ಮೇಲಕ್ಕೆ ಹೋಗುವಾಗ 1ರಿಂದ 8ರವರೆಗೆ ಅಂಕಿ. ಎರಡೂ ಸೇರಿದರೆ ಒಂದು ಮನೆಯ ವಿಳಾಸ. ಇ4 ಅಂದರೆ ಇ ಸಾಲಿನ ನಾಲ್ಕನೇ ಮನೆ, ಅಷ್ಟೆ.

ಕಾಯಿಗಳಿಗೆ ಇಂಗ್ಲಿಷಿನ ದೊಡ್ಡಕ್ಷರ ಇರುತ್ತದೆ. ರಾಜನಿಗೆ ಕೆ, ರಾಣಿಗೆ (ನಮ್ಮಲ್ಲಿ ಹಲವರು ಮಂತ್ರಿ ಅನ್ನುತ್ತಾರೆ) ಕ್ಯೂ, ಆನೆಗೆ ಆರ್, ಒಂಟೆಗೆ ಬಿ. ಕುದುರೆಗೆ (ಇಂಗ್ಲಿಷಿನಲ್ಲಿ Knight) ಮಾತ್ರ ಎನ್, ಯಾಕೆಂದರೆ ಕೆ ಅಕ್ಷರವನ್ನು ರಾಜ ಆಗಲೇ ತೆಗೆದುಕೊಂಡಿದ್ದಾನೆ. ಕಾಲಾಳಿಗೆ ಅಕ್ಷರವೇ ಇಲ್ಲ. ಬರೀ "ಇ4" ಅಂತ ಕಂಡರೆ ಕಾಲಾಳು ಇ4ಕ್ಕೆ ಹೋಯಿತು ಅಂತ ತಿಳಿಯಬೇಕು.

ಈಗ ಒಂದು ನಿಜವಾದ ಸಾಲು ಓದೋಣ:

1. ಇ4 ಇ5 2. ಎನ್‌ಎಫ್3 ಎನ್‌ಸಿ6 3. ಬಿಬಿ5

ಪ್ರತಿ ಅಂಕಿಯ ಮುಂದೆ ಮೊದಲು ಬಿಳಿಯ ನಡೆ, ಆಮೇಲೆ ಕಪ್ಪಿನದು. ಇಬ್ಬರೂ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ಸರಿಸಿದರು. ಬಿಳಿ ಕುದುರೆ ಎಫ್3ಕ್ಕೆ ಬಂತು, ಅದರ ಕಣ್ಣು ಇ5ರ ಕಾಲಾಳಿನ ಮೇಲೆ. ಕಪ್ಪು ಕುದುರೆ ಸಿ6ಕ್ಕೆ ಬಂದು ಆ ಕಾಲಾಳನ್ನು ಕಾಯಿತು. ಕೊನೆಗೆ ಬಿಳಿ ಒಂಟೆ ಬಿ5ಕ್ಕೆ ಬಂದು ಕಾವಲಿನ ಕುದುರೆಯ ಮೇಲೆಯೇ ಒತ್ತಡ ಹಾಕಿತು. "ಬಿಬಿ5" ಅಂತ ಕಂಡಾಗ ಗಾಬರಿ ಬೇಡ. ಅಚ್ಚಿನಲ್ಲಿ ಮೊದಲ ಬಿ ದೊಡ್ಡಕ್ಷರ, ಅದು ಒಂಟೆ. ಎರಡನೆಯದು ಸಣ್ಣಕ್ಷರ, ಅದು ಸಾಲು.

ಈ ಐದು ನಡೆಗಳಿಗೆ ರೂಯ್ ಲೋಪೆಝ್ ಓಪನಿಂಗ್ ಅಂತ ಹೆಸರು. 1561ರಲ್ಲಿ ಚೆಸ್ ಪುಸ್ತಕ ಬರೆದ ಸ್ಪೇನಿನ ಒಬ್ಬ ಪಾದ್ರಿಯ ಹೆಸರು ಅದು. ಅಂದರೆ ನೀವು ಈಗಷ್ಟೇ ಓದಿದ ಸಾಲಿಗೆ ನಾಲ್ಕೂವರೆ ಶತಮಾನದ ವಯಸ್ಸಿದೆ.

ಉಳಿದ ಚಿಹ್ನೆಗಳು ಕೆಲವೇ. ಗುಣಾಕಾರದ ಚಿಹ್ನೆ ಬಂದರೆ ಎದುರಿನ ಕಾಯಿ ಹೊಡೆದರು ಅಂತ. ಕೂಡುವ ಚಿಹ್ನೆ ಅಂದರೆ ಚೆಕ್, ಅಂದರೆ ರಾಜನ ಮೇಲೆ ನೇರ ದಾಳಿ. 0-0 ಅಂದರೆ ರಾಜನ ಪಕ್ಕದ ಕ್ಯಾಸ್ಲಿಂಗ್ (ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸುವುದು), 0-0-0 ಅಂದರೆ ರಾಣಿಯ ಪಕ್ಕದ್ದು. ಒಂದು ! ಒಳ್ಳೆಯ ನಡೆಗೆ, !! ಅದ್ಭುತ ನಡೆಗೆ. ಒಂದು ? ತಪ್ಪಿಗೆ, ?? ದೊಡ್ಡ ತಪ್ಪಿಗೆ. !? ಅಂದರೆ ಕುತೂಹಲದ ನಡೆ, ಆಡಿ ನೋಡಬಹುದು ಅಂತ. ?! ಅಂದರೆ ಯಾಕೋ ಅನುಮಾನ ಅಂತ. ಇವು ಲೇಖಕರ ಅಭಿಪ್ರಾಯ, ಆಟದ ನಿಯಮವಲ್ಲ. ಒಬ್ಬರು ! ಹಾಕಿದ ನಡೆಗೆ ಇನ್ನೊಬ್ಬರು ? ಹಾಕಿರುವುದೂ ಉಂಟು.

ಹಳೆಯ ಪುಸ್ತಕ ಕೈಗೆ ಸಿಕ್ಕರೆ ಬೇರೆ ಲಿಪಿ ಕಾಣಬಹುದು: "ಪಿ-ಕೆ4" ಅಂತ. ರಾಜನ ಸಾಲಿನಲ್ಲಿ ನಾಲ್ಕನೇ ಮನೆಗೆ ಕಾಲಾಳು ಅಂತ ಅರ್ಥ. ಇದರಲ್ಲಿ ಇಬ್ಬರೂ ತಮ್ಮ ತಮ್ಮ ಕಡೆಯಿಂದ ಎಣಿಸುತ್ತಾರೆ. ಹಾಗಾಗಿ ಒಂದೇ ಮನೆಗೆ ಎರಡು ಹೆಸರು, ಗೊಂದಲ ಜಾಸ್ತಿ. ವಿಳಾಸದ ಪದ್ಧತಿಯನ್ನು ಸಿರಿಯಾದ ಅಲೆಪ್ಪೊದಿಂದ ಬಂದ ಫಿಲಿಪ್ ಸ್ಟಾಮಾ 1737ರಷ್ಟು ಹಿಂದೆಯೇ ತಮ್ಮ ಪುಸ್ತಕದಲ್ಲಿ ಬಳಸಿದ್ದರು. ಆದರೂ ಇಂಗ್ಲಿಷ್ ಪುಸ್ತಕಗಳು ಹಳೆಯದನ್ನು ಬಿಡಲು ತುಂಬಾ ಕಾಲ ಹಿಡಿಯಿತು. 1981ರಲ್ಲಿ ಅಂತಾರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ ಹಳೆಯ ಪದ್ಧತಿಗೆ ಮಾನ್ಯತೆ ನಿಲ್ಲಿಸಿತು.

ಭಾಷೆಯ ತೊಡಕನ್ನೇ ತೆಗೆದುಹಾಕಿದ ಪ್ರಯತ್ನವೂ ಇದೆ. 1966ರಿಂದ ಬೆಲ್‌ಗ್ರೇಡ್‌ನಲ್ಲಿ ಹೊರಬಂದ 'ಚೆಸ್ ಇನ್ಫಾರ್ಮೆಂಟ್' ಸಂಪುಟಗಳು ಅಕ್ಷರಗಳ ಬದಲು ಕಾಯಿಯ ಚಿತ್ರವನ್ನೇ ಅಚ್ಚು ಹಾಕಿದವು, ವಿವರಣೆಯನ್ನೂ ಚಿಹ್ನೆಗಳಲ್ಲೇ ಕೊಟ್ಟವು. ರಷ್ಯನ್ನರೂ ಕ್ಯೂಬಾದವರೂ ಒಂದೇ ಪುಟವನ್ನು ಒಂದೇ ರೀತಿ ಓದಬಹುದಾಯಿತು.

## ಎಂಜಿನ್ ಇರುವಾಗ ಪುಸ್ತಕ ಯಾಕೆ?

ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ, ಕೇಳಲೇಬೇಕಾದ್ದು. ಇವತ್ತು ಫೋನಿನಲ್ಲಿರುವ ಚೆಸ್ ಎಂಜಿನ್, ಅಂದರೆ ನಡೆಗಳನ್ನು ಲೆಕ್ಕ ಹಾಕುವ ಪ್ರೋಗ್ರಾಂ, ಯಾವ ವಿಶ್ವ ಚಾಂಪಿಯನ್‌ಗಿಂತಲೂ ಬಲಶಾಲಿ. ಅದು ಪ್ರತಿ ಸ್ಥಿತಿಗೂ ಒಂದು ಅಂಕ ಕೊಡುತ್ತದೆ. ಕೂಡುವ ಚಿಹ್ನೆ ಇದ್ದು 1.5 ಅಂತ ತೋರಿಸಿದರೆ ಬಿಳಿ ಸುಮಾರು ಒಂದೂವರೆ ಕಾಲಾಳಿನಷ್ಟು ಮುಂದಿದೆ ಅಂತ.

ಆದರೆ ಯಾಕೆ ಮುಂದಿದೆ? ಎಂಜಿನ್ ಅದನ್ನು ಹೇಳುವುದಿಲ್ಲ. ಗಣಿತದ ಪುಸ್ತಕದ ಕೊನೆಯಲ್ಲಿ ಉತ್ತರಗಳ ಪುಟ ಇರುತ್ತದಲ್ವಾ, ಎಂಜಿನ್ ಹಾಗೆ. ಉತ್ತರ ಸರಿಯಾಗಿಯೇ ಇರುತ್ತದೆ, ಮಾಡುವ ವಿಧಾನ ಅಲ್ಲಿರುವುದಿಲ್ಲ. ಒಳ್ಳೆಯ ಚೆಸ್ ಪುಸ್ತಕ ಹೇಳಿಕೊಡುವುದು ಆ ವಿಧಾನವನ್ನು: "ಎದುರಿನ ರಾಜನ ಪಕ್ಕ ಕಪ್ಪು ಮನೆಗಳನ್ನು ಕಾಯುವವರಿಲ್ಲ, ಅದಕ್ಕೇ ನನ್ನ ಒಂಟೆಯನ್ನು ಉಳಿಸಿಕೊಂಡೆ" ಅನ್ನುವ ಥರದ ಮಾತು. ಆ ಒಂದು ಮಾತು ಮುಂದೆ ನೂರು ಬೇರೆ ಆಟಗಳಲ್ಲಿ ಉಪಯೋಗಕ್ಕೆ ಬರುತ್ತದೆ.

ಇದು ಯಾಕೆ ಕೆಲಸ ಮಾಡುತ್ತದೆ ಅಂತ ಮನಶ್ಶಾಸ್ತ್ರಜ್ಞರು ನೋಡಿದ್ದಾರೆ. ನೆದರ್ಲೆಂಡ್ಸ್‌ನ ಆಡ್ರಿಯಾನ್ ಡಿ ಗ್ರೂಟ್ ಒಂದು ಆಟದ ನಡುವಿನ ಸ್ಥಿತಿಯನ್ನು ಕೆಲವೇ ಸೆಕೆಂಡು ತೋರಿಸಿ, ಮತ್ತೆ ಜೋಡಿಸಲು ಹೇಳಿದರು. ದೊಡ್ಡ ಆಟಗಾರರು ಹೆಚ್ಚುಕಡಿಮೆ ಪೂರ್ತಿ ಜೋಡಿಸಿದರು, ಹೊಸಬರಿಗೆ ಕೆಲವು ಕಾಯಿ ಮಾತ್ರ ನೆನಪಿದ್ದವು. 1973ರಲ್ಲಿ ಅಮೆರಿಕದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಇದಕ್ಕೆ ಇನ್ನೊಂದು ಪರೀಕ್ಷೆ ಸೇರಿಸಿದರು. ಕಾಯಿಗಳನ್ನು ಸುಮ್ನೆ ಹೇಗೆಂದರೆ ಹಾಗೆ ಚೆಲ್ಲಿ ತೋರಿಸಿದರು. ಆಗ ದೊಡ್ಡವರಿಗೂ ಹೊಸಬರಿಗೂ ಅಂಥ ವ್ಯತ್ಯಾಸವೇ ಉಳಿಯಲಿಲ್ಲ.

ಅಂದರೆ ದೊಡ್ಡ ಆಟಗಾರರ ನೆನಪಿನ ಶಕ್ತಿ ಮಾಂತ್ರಿಕವಾದದ್ದಲ್ಲ. ನಾವು "ಮರ" ಅನ್ನುವ ಪದ ಓದುವಾಗ ಮ ಬೇರೆ, ರ ಬೇರೆ ಅಂತ ಕೂಡಿಸುವುದಿಲ್ಲ, ಒಟ್ಟಿಗೆ ಗುರುತಿಸುತ್ತೇವೆ. ಅವರು ಕಾಯಿಗಳನ್ನು ಹಾಗೆ ಗುಂಪುಗುಂಪಾಗಿ ಗುರುತಿಸುತ್ತಾರೆ. ಆ ಗುಂಪುಗಳು ಸಾವಿರಾರು ಒಳ್ಳೆಯ ಆಟಗಳನ್ನು ನೋಡಿ ನೋಡಿ ಮನಸ್ಸಿನಲ್ಲಿ ಕೂತವು. ಪುಸ್ತಕದ ಕೆಲಸ ಅಲ್ಲೇ ಇದೆ.

## ಯಾವ ಯಾವ ಥರದ ಪುಸ್ತಕಗಳಿವೆ?

ಆಟವನ್ನು ಮೂರು ಭಾಗ ಮಾಡುವುದು ರೂಢಿ. ಕಾಯಿಗಳನ್ನು ಹೊರಗೆ ತರುವುದು ಓಪನಿಂಗ್, ನಡುವಿನ ಹೋರಾಟ ಮಿಡ್ಲ್‌ಗೇಮ್, ಕೆಲವೇ ಕಾಯಿ ಉಳಿದಾಗ ಎಂಡ್‌ಗೇಮ್. ಪುಸ್ತಕಗಳೂ ಹಾಗೆಯೇ ಹಂಚಿಹೋಗಿವೆ.

ಓಪನಿಂಗ್ ಪುಸ್ತಕಗಳೇ ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು. ಇಬ್ಬರೂ ಒಂದೊಂದು ನಡೆ ಆಡಿದ ಮೇಲೆಯೇ 400 ಬೇರೆ ಬೇರೆ ಸ್ಥಿತಿಗಳು ಸಾಧ್ಯ. ಹಾಗಾಗಿ ಇಲ್ಲಿ ಬರೆದು ಮುಗಿಯುವುದೇ ಇಲ್ಲ. ಇವನ್ನೆಲ್ಲ ವಿಂಗಡಿಸಲು ಎ00ಯಿಂದ ಇ99ರವರೆಗೆ 500 ಸಂಕೇತಗಳ ಪಟ್ಟಿಯೂ ಇದೆ. ಹೊಸಬರು ಇವುಗಳಿಂದ ಶುರು ಮಾಡಬಾರದು ಅನ್ನುವುದು ನನ್ನ ಗಟ್ಟಿ ನಂಬಿಕೆ. ಬಾಯಿಪಾಠ ಮಾಡಿದ ಹತ್ತು ನಡೆ ಎದುರಿನವರು ಮೂರನೇ ನಡೆಯಲ್ಲೇ ಬೇರೆ ಆಡಿದರೆ ಮುಗಿಯಿತು.

ಎಂಡ್‌ಗೇಮ್ ಪುಸ್ತಕ ಇದಕ್ಕೆ ತದ್ವಿರುದ್ಧ. ನೋಡಲು ನೀರಸ, ಆದರೆ ಕಲಿತದ್ದು ಹಳತಾಗುವುದಿಲ್ಲ. ಒಂದು ಉದಾಹರಣೆ ನೋಡಿ. ನಿಮಗೆ ರಾಜ, ಆನೆ, ಒಂದು ಕಾಲಾಳು. ಎದುರಿನವರಿಗೆ ರಾಜ ಮತ್ತು ಆನೆ. ಕಾಲಾಳು ಏಳನೇ ಸಾಲು ಮುಟ್ಟಿದೆ. ನಿಮ್ಮ ರಾಜ ಅದರ ಮುಂದಿನ ಎಂಟನೇ ಮನೆಯಲ್ಲಿ ನಿಂತು ದಾರಿಗೆ ತಾನೇ ಅಡ್ಡವಾಗಿದ್ದಾನೆ. ಎದುರಿನ ರಾಜನನ್ನು ನಿಮ್ಮ ಆನೆ ಆಚೆ ತಡೆದಿದೆ. ನಿಮ್ಮ ರಾಜ ಹೊರಗೆ ಕಾಲಿಟ್ಟರೆ ಎದುರಿನ ಆನೆ ಚೆಕ್ ಮೇಲೆ ಚೆಕ್ ಕೊಡುತ್ತದೆ. ಏನು ಮಾಡುವುದು? ಮೊದಲೇ ನಿಮ್ಮ ಆನೆಯನ್ನು ನಾಲ್ಕನೇ ಸಾಲಿಗೆ ತಂದಿಡಬೇಕು. ಆಮೇಲೆ ರಾಜ ಹೊರಗೆ ಬರುತ್ತಾನೆ. ಚೆಕ್‌ಗಳು ಬಂದಾಗ ಕೊನೆಗೆ ಆ ಆನೆ ನಡುವೆ ಬಂದು ಕೊಡೆಯ ಹಾಗೆ ಕಾಯುತ್ತದೆ. ಕಾಲಾಳು ಎಂಟನೇ ಸಾಲು ಮುಟ್ಟಿ ರಾಣಿಯಾಗುತ್ತದೆ. ಇದಕ್ಕೆ ಸೇತುವೆ ಕಟ್ಟುವುದು ಅಂತ ಹೆಸರು. ಸ್ಥಿತಿಗೆ ಲುಸೆನಾ ಸ್ಥಿತಿ ಅನ್ನುತ್ತಾರೆ. ಗೊತ್ತಿದ್ದವರಿಗೆ ಖಚಿತ ಗೆಲುವು, ಗೊತ್ತಿಲ್ಲದವರು ಎಷ್ಟೋ ಸಲ ಡ್ರಾ ಮಾಡಿಕೊಂಡು ಏಳುತ್ತಾರೆ.

ಮಿಡ್ಲ್‌ಗೇಮ್ ಪುಸ್ತಕಗಳಲ್ಲಿ ಎರಡು ಬಗೆ. ಟ್ಯಾಕ್ಟಿಕ್ಸ್ ಅಂದರೆ ಎರಡು ಮೂರು ನಡೆಗಳಲ್ಲಿ ಲಾಭ ತರುವ ಏಟುಗಳು. ಕುದುರೆ ಒಂದೇ ಸಲ ರಾಜನನ್ನೂ ಆನೆಯನ್ನೂ ಹೊಡೆಯಲು ನಿಲ್ಲುವುದು ಈ ಥರದ್ದು. ಸ್ಟ್ರಾಟಜಿ ಅಂದರೆ ದೂರದ ಯೋಜನೆ. ಮೊದಲನೆಯದಕ್ಕೆ ಒಗಟಿನ ಪುಸ್ತಕಗಳು ಸಾಕು, ದಿನಕ್ಕೆ ಐದಾರು ಬಿಡಿಸಿದರೂ ಫಲ ಕಾಣುತ್ತದೆ.

## ಆಟಗಾರರು ತಾವೇ ಬರೆದಾಗ

ನನಗೆ ಎಲ್ಲಕ್ಕಿಂತ ಪ್ರೀತಿ ಇರುವುದು ಇವುಗಳ ಮೇಲೆ. ಆಟಗಾರರು ತಮ್ಮದೇ ಆಟಗಳನ್ನು ಆರಿಸಿ, ಬೋರ್ಡ್ ಮುಂದೆ ಕೂತಾಗ ತಲೆಯಲ್ಲಿ ಏನು ಓಡುತ್ತಿತ್ತು ಅಂತ ಬರೆಯುತ್ತಾರೆ.

1972ರಲ್ಲಿ ವಿಶ್ವ ಚಾಂಪಿಯನ್ ಆದ ಅಮೆರಿಕದ ಬಾಬಿ ಫಿಷರ್ 1969ರಲ್ಲಿ ತಮ್ಮ "ನೆನಪಿಡುವಂಥ" 60 ಆಟಗಳ ಪುಸ್ತಕ ತಂದರು. ಅದರಲ್ಲಿ 9 ಡ್ರಾಗಳಿವೆ, 3 ಸೋಲುಗಳೂ ಇವೆ. ತಾವು ಎಲ್ಲಿ ತಪ್ಪಿದ್ದೆವು ಅಂತ ಮುಚ್ಚಿಡದೆ ಬರೆದಿದ್ದಾರೆ. ಸೋತ ಆಟವನ್ನು "ನೆನಪಿಡುವಂಥದ್ದು" ಅಂತ ಆರಿಸುವುದಕ್ಕೆ ದೊಡ್ಡ ಪ್ರಾಮಾಣಿಕತೆ ಬೇಕು.

ಲ್ಯಾಟ್ವಿಯಾದ ಮಿಖಾಯಿಲ್ ತಾಲ್ ಬೇರೆಯೇ ಮನುಷ್ಯ. ತಮ್ಮ ಜೀವನದ ಪುಸ್ತಕದಲ್ಲಿ ಅವರು ವಸ್ಯುಕೋವ್ ವಿರುದ್ಧದ ಒಂದು ಆಟದ ಕಥೆ ಹೇಳುತ್ತಾರೆ. ಕುದುರೆಯನ್ನು ಬಲಿ ಕೊಡಬೇಕೋ ಬೇಡವೋ ಅಂತ ಲೆಕ್ಕ ಹಾಕುತ್ತಿದ್ದರು. ಲೆಕ್ಕ ಬೆಳೆದು ಬೆಳೆದು ಗೋಜಲಾಯಿತು. ಆಗ ಇದ್ದಕ್ಕಿದ್ದಂತೆ ಒಂದು ಮಕ್ಕಳ ಪದ್ಯದ ಸಾಲು ನೆನಪಾಯಿತು, ಜೌಗಿನಿಂದ ನೀರಾನೆಯನ್ನು ಎಳೆಯುವುದರ ಬಗ್ಗೆ. ಮನಸ್ಸು ಆಟ ಬಿಟ್ಟು ನೀರಾನೆಯ ಹಿಂದೆ ಹೋಯಿತು. ಹೇಗೆ ಎತ್ತುವುದು? ಹಗ್ಗದ ಏಣಿಯೋ, ಹೆಲಿಕಾಪ್ಟರೋ? ಕೊನೆಗೆ ಅದು ಮುಳುಗಲಿ ಅಂತ ಬಿಟ್ಟು ಬೋರ್ಡ್ ನೋಡಿದಾಗ ಮನಸ್ಸು ತಿಳಿಯಾಗಿತ್ತು. ಕುದುರೆಯನ್ನು ಬಲಿ ಕೊಟ್ಟೇಬಿಟ್ಟರು, ಆಟ ಗೆದ್ದರು. ಮಾರನೇ ದಿನ ಪತ್ರಿಕೆಯಲ್ಲಿ, ತಾಲ್ 40 ನಿಮಿಷ ಎಚ್ಚರಿಕೆಯಿಂದ ಲೆಕ್ಕ ಹಾಕಿ ಬಲಿ ಕೊಟ್ಟರು ಅಂತ ಬಂದಿತ್ತಂತೆ. ದೊಡ್ಡ ಆಟಗಾರರೂ ಎಲ್ಲವನ್ನೂ ಎಣಿಸಿ ಆಡುವುದಿಲ್ಲ ಅನ್ನುವುದು ಇದನ್ನು ಓದಿದ ಮೇಲೆ ಚೆನ್ನಾಗಿ ಅರ್ಥವಾಗುತ್ತದೆ.

ಒಂದು ಪಂದ್ಯಾವಳಿಯನ್ನೇ ಪೂರ್ತಿ ಹಿಡಿದಿಟ್ಟ ಪುಸ್ತಕಗಳೂ ಇವೆ. 1953ರ ಜೂರಿಕ್ ಪಂದ್ಯಾವಳಿಯಲ್ಲಿ 15 ಜನ ಒಬ್ಬರ ಜೊತೆ ಒಬ್ಬರು ಎರಡೆರಡು ಆಟ ಆಡಿದರು, ಒಟ್ಟು 210 ಆಟ. ಅಲ್ಲಿ ಆಡಿದ ಡೇವಿಡ್ ಬ್ರಾನ್‌ಸ್ಟೈನ್ ಅವಿಷ್ಟಕ್ಕೂ ವಿವರಣೆ ಬರೆದರು. ನಡೆಗಳ ಉದ್ದುದ್ದ ಪಟ್ಟಿಗಿಂತ ಯೋಚನೆಯನ್ನು ಮಾತಿನಲ್ಲಿ ಹೇಳಬೇಕು ಅನ್ನುವುದು ಅವರ ಹಟ.

ಕಾದಂಬರಿಗಳಲ್ಲೂ ಚೆಸ್ ಬಂದಿದೆ. 2020ರಲ್ಲಿ ಸರಣಿಯಾಗಿ ಹೆಸರು ಮಾಡಿದ 'ದಿ ಕ್ವೀನ್ಸ್ ಗ್ಯಾಂಬಿಟ್' ಮೂಲದಲ್ಲಿ 1983ರ ಕಾದಂಬರಿ. ಅಂಥವನ್ನು ಓದಲು ಲಿಪಿ ಕಲಿಯುವ ಅಗತ್ಯವಿಲ್ಲ.

## ಒಂದು ಪುಸ್ತಕಕ್ಕೆ ಇನ್ನೊಂದು ಪುಸ್ತಕದ ಉತ್ತರ

ಹಳೆಯ ಚೆಸ್ ಪುಸ್ತಕಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ದೀರ್ಘ ವಾದ ಕಾಣುತ್ತದೆ.

ಈಗ ಉಳಿದಿರುವ ಅತಿ ಹಳೆಯ ಅಚ್ಚಾದ ಚೆಸ್ ಕೈಪಿಡಿ 1497ರಲ್ಲಿ ಸ್ಪೇನಿನ ಸಲಮಾಂಕಾದಲ್ಲಿ ಲುಸೆನಾ ಬರೆದದ್ದು. ಅದಕ್ಕಿಂತ ಎರಡು ವರ್ಷ ಹಿಂದೆ ವಲೆನ್ಸಿಯಾದಲ್ಲಿ ಅಚ್ಚಾದ ಇನ್ನೊಂದು ಪುಸ್ತಕದ ಒಂದು ಪ್ರತಿಯೂ ಇವತ್ತು ಸಿಕ್ಕಿಲ್ಲ. ಲುಸೆನಾ ಕಾಲದಲ್ಲಿ ಆಟವೇ ಬದಲಾಗುತ್ತಿತ್ತು. ಅದುವರೆಗೆ ಓರೆಯಾಗಿ ಒಂದೇ ಮನೆ ನಡೆಯುತ್ತಿದ್ದ ರಾಣಿಗೆ ಈಗಿನ ಪೂರ್ತಿ ಬಲ ಆಗಷ್ಟೇ ಬಂದಿತ್ತು. ಹಾಗಾಗಿ ಪುಸ್ತಕದಲ್ಲಿ ಹಳೆಯ ನಿಯಮದ ಒಗಟುಗಳೂ ಇವೆ, ಹೊಸ ನಿಯಮದವೂ ಇವೆ. ಬಿಸಿಲು ಎದುರಾಳಿಯ ಕಣ್ಣಿಗೆ ಬೀಳುವ ಹಾಗೆ ಬೋರ್ಡ್ ಇಡಿ ಅನ್ನುವ ಸಲಹೆಯೂ ಇದೆ! ಮೇಲೆ ಹೇಳಿದ ಲುಸೆನಾ ಸ್ಥಿತಿ ಮಾತ್ರ ಅದರಲ್ಲಿಲ್ಲ. ಅದು 1634ರ ಸಾಲ್ವಿಯೊ ಅವರ ಪುಸ್ತಕದಲ್ಲಿ ಬಂದದ್ದು. ಹೆಸರು ತಪ್ಪಾಗಿ ಅಂಟಿಕೊಂಡು ಹಾಗೇ ಉಳಿಯಿತು.

1749ರಲ್ಲಿ ಫ್ರಾನ್ಸಿನ ಫಿಲಿಡೋರ್ ತಮ್ಮ 22ನೇ ವಯಸ್ಸಿನಲ್ಲಿ ಪುಸ್ತಕ ಬರೆದರು. ವೃತ್ತಿಯಲ್ಲಿ ಸಂಗೀತ ಸಂಯೋಜಕರು. ಆಗಿನವರೆಲ್ಲ ದೊಡ್ಡ ಕಾಯಿಗಳ ದಾಳಿಯ ಗುಂಗಿನಲ್ಲಿದ್ದಾಗ, ಕಾಲಾಳುಗಳೇ ಆಟದ ಜೀವ ಅಂದವರು ಅವರು. ಕಾರಣ ಸರಳ: ಕಾಲಾಳು ಹಿಂದೆ ಬರಲಾರದು. ಒಮ್ಮೆ ಸರಿಸಿದರೆ ಆ ಜಾಗದ ಸ್ವರೂಪವೇ ಬದಲಾಗುತ್ತದೆ.

1886ರಲ್ಲಿ ಮೊದಲ ಅಧಿಕೃತ ವಿಶ್ವ ಚಾಂಪಿಯನ್ ಆದ ವಿಲ್ಹೆಲ್ಮ್ ಸ್ಟೈನಿಟ್ಜ್, ಸುಮ್ಮನೆ ದಾಳಿ ಮಾಡಬಾರದು, ಮೊದಲು ಸಣ್ಣ ಸಣ್ಣ ಅನುಕೂಲ ಕೂಡಿಸಿಕೊಳ್ಳಬೇಕು ಅಂತ ಬರೆದರು. ಅವರ ದಾರಿಯಲ್ಲಿ ಬಂದವರು, ಬೋರ್ಡ್‌ನ ನಡುವಿನ ನಾಲ್ಕು ಮನೆಗಳನ್ನು ಕಾಲಾಳುಗಳಿಂದ ತುಂಬಬೇಕು ಅಂತ ಪಾಠ ಮಾಡಿದರು. 1925ರ ಸುಮಾರಿಗೆ ಆರನ್ ನಿಮ್ಜೊವಿಚ್ ತಮ್ಮ ಪುಸ್ತಕದಲ್ಲಿ ಇದಕ್ಕೆ ಎದುರು ಮಾತಾಡಿದರು. ನಡುವಿನ ಮನೆಗಳಲ್ಲಿ ನಿಲ್ಲಲೇಬೇಕಿಲ್ಲ, ದೂರದಿಂದ ಒಂಟೆ, ಕುದುರೆಗಳ ಹತೋಟಿಯಲ್ಲಿ ಇಟ್ಟುಕೊಂಡರೂ ಆಯಿತು ಅಂದರು. ಎದುರಿನವರು ಏನು ಮಾಡಬೇಕೆಂದಿದ್ದಾರೋ ಅದನ್ನು ಮೊದಲೇ ತಡೆಯುವ ವಿಚಾರವನ್ನೂ ಅವರೇ ಬಿಡಿಸಿ ಬರೆದರು.

ಈ ವಾದಕ್ಕೆ ಇತ್ತೀಚೆಗೆ ಯಂತ್ರವೂ ಸೇರಿದೆ. 2017ರ ಕೊನೆಯಲ್ಲಿ ಆಲ್ಫಾಜೀರೊ ಅನ್ನುವ ಪ್ರೋಗ್ರಾಂ ಬರೀ ನಿಯಮ ತಿಳಿದುಕೊಂಡು, ತನ್ನ ಜೊತೆ ತಾನೇ ಆಡಿ ಕಲಿತು, ಆಗಿನ ಅತಿ ಬಲಶಾಲಿ ಎಂಜಿನ್‌ಗಳಲ್ಲೊಂದಾದ ಸ್ಟಾಕ್‌ಫಿಶ್ ಅನ್ನು ಸೋಲಿಸಿತು. ಅದರ ಆಟಗಳಲ್ಲಿ ಏನು ಹೊಸತು ಅಂತ ಮ್ಯಾಥ್ಯೂ ಸ್ಯಾಡ್ಲರ್ ಮತ್ತು ನಟಾಶಾ ರೀಗನ್ 2019ರಲ್ಲಿ ಪುಸ್ತಕ ಬರೆದರು. ಯಂತ್ರದ ಆಟ ಮನುಷ್ಯರಿಗೆ ಅರ್ಥವಾಗಲು ಮನುಷ್ಯರು ಬರೆದ ಪುಸ್ತಕವೇ ಬೇಕಾಯಿತು.

## ಆಟ ಎಲ್ಲಿಂದ ಬಂತು ಅನ್ನುವ ಪುಸ್ತಕಗಳು

ಇತಿಹಾಸದ ಪುಸ್ತಕಗಳಲ್ಲಿ ಎಲ್ಲರೂ ಇವತ್ತಿಗೂ ತಿರುಗಿ ನೋಡುವುದು ಎಚ್.ಜೆ.ಆರ್. ಮರೆ ಅವರ 1913ರ ಗ್ರಂಥ. ಸುಮಾರು 900 ಪುಟ. ಹಳೆಯ ಹಸ್ತಪ್ರತಿಗಳನ್ನು ಓದಲೆಂದೇ ಅವರು ಅರಬ್ಬಿ ಕಲಿತರು. ಆಟ ಭಾರತದಲ್ಲಿ ಹುಟ್ಟಿ, ಪರ್ಷಿಯಾಕ್ಕೆ ಹೋಗಿ, ಅಲ್ಲಿಂದ ಅರಬ್ಬರ ಮೂಲಕ ಯುರೋಪ್ ಮುಟ್ಟಿತು ಅನ್ನುವುದನ್ನು ಆಧಾರಗಳ ಸಮೇತ ಜೋಡಿಸಿದವರು ಅವರು. ಏಳನೇ ಶತಮಾನದ ಬಾಣಭಟ್ಟನ 'ಹರ್ಷಚರಿತ'ದಲ್ಲೇ ಚತುರಂಗದ ಪ್ರಸ್ತಾಪ ಇದೆ. ಒಂಬತ್ತು, ಹತ್ತನೇ ಶತಮಾನದ ಬಾಗ್ದಾದ್‌ನಲ್ಲಿ ಅಲ್-ಅದ್ಲಿ, ಅಸ್-ಸೂಲಿ ಅನ್ನುವ ಆಟಗಾರರು ಪುಸ್ತಕ ಬರೆದಿದ್ದರು. ಅಸ್-ಸೂಲಿ ಬಿಟ್ಟುಹೋದ ಒಂದು ಒಗಟು ಸುಮಾರು ಸಾವಿರ ವರ್ಷ ಬಿಡಿಸದೆ ಉಳಿದಿತ್ತು. ಅದನ್ನು ಬಿಡಿಸಿದ್ದು ರಷ್ಯಾದ ಯೂರಿ ಅವೆರ್‌ಬಾಖ್, 20ನೇ ಶತಮಾನದಲ್ಲಿ.

ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 12ನೇ ಶತಮಾನದ 'ಮಾನಸೋಲ್ಲಾಸ'ದಲ್ಲೂ ಚತುರಂಗದ ವಿವರಣೆ ಬರುತ್ತದೆ. ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ದಾರಿಗಳನ್ನು ಮುಮ್ಮಡಿ ಕೃಷ್ಣರಾಜ ಒಡೆಯರ್ ರಚಿಸಿದ್ದರು. ಚೆಸ್ ಇತಿಹಾಸ ಬರೆಯುವವರು ಇವೆರಡನ್ನೂ ಗಮನಿಸುತ್ತಾರೆ.

## ಹಾಗಾದರೆ ಶುರು ಮಾಡುವುದು ಹೇಗೆ?

ಮೊದಲ ಪುಸ್ತಕದಲ್ಲಿ ನಡೆಗಳಿಗಿಂತ ಮಾತು ಜಾಸ್ತಿ ಇರಬೇಕು. ಇರ್ವಿಂಗ್ ಚೆರ್ನೆವ್ ಅವರ 1957ರ 'ಲಾಜಿಕಲ್ ಚೆಸ್' ಅಂಥದ್ದು. 33 ಆಟಗಳು, ಪ್ರತಿ ನಡೆಗೂ ವಿವರಣೆ, ಮೊದಲ ಇ4ಕ್ಕೂ ಸೇರಿ. ಕ್ಯೂಬಾದ ಕಾಪಾಬ್ಲಾಂಕಾ ವಿಶ್ವ ಚಾಂಪಿಯನ್ ಆದ 1921ರಲ್ಲೇ ಬರೆದ 'ಚೆಸ್ ಫಂಡಮೆಂಟಲ್ಸ್' ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನುವ ಅಂತರ್ಜಾಲ ಗ್ರಂಥಾಲಯದಲ್ಲಿ ಉಚಿತವಾಗಿ ಸಿಗುತ್ತದೆ. ಅದು ಶುರುವಾಗುವುದೇ ಸರಳ ಚೆಕ್‌ಮೇಟ್‌ಗಳಿಂದ. ಎರಡೂ ಇಂಗ್ಲಿಷಿನಲ್ಲಿವೆ, ಆದರೆ ಭಾಷೆ ತಿಳಿ.

ಓದುವಾಗ ಬೋರ್ಡ್ ಪಕ್ಕದಲ್ಲಿರಲಿ, ಕಾಯಿಗಳನ್ನು ಕೈಯಾರೆ ಸರಿಸಿ. ಪುಟದಲ್ಲಿ ದಪ್ಪ ಅಕ್ಷರದಲ್ಲಿರುವುದು ನಿಜವಾಗಿ ಆಡಿದ ನಡೆ. ಆವರಣದೊಳಗೆ ತೆಳು ಅಕ್ಷರದಲ್ಲಿರುವುದು ಹೀಗೂ ಆಡಬಹುದಿತ್ತು ಅನ್ನುವ ಕವಲು. ಮೊದಲ ಸಲ ಕವಲುಗಳನ್ನು ಬಿಟ್ಟು ದಪ್ಪ ಅಕ್ಷರವನ್ನಷ್ಟೇ ಆಡಿ ಮುಗಿಸಿ. ಎರಡನೇ ಸಲ ಒಂದು ಕಾಗದದಿಂದ ಮುಂದಿನ ನಡೆ ಮುಚ್ಚಿ. ಗೆದ್ದವರ ಕಡೆ ಕೂತು, ನೀವಾಗಿದ್ದರೆ ಏನು ಆಡುತ್ತಿದ್ದಿರಿ ಅಂತ ಪ್ರತಿ ಸಲ ಊಹಿಸಿ, ಆಮೇಲೆ ಕಾಗದ ಸರಿಸಿ. ಒಂದು ಆಟಕ್ಕೆ ಒಂದು ಗಂಟೆ ಹಿಡಿದರೆ ಸರಿಯಾಗಿಯೇ ಓದುತ್ತಿದ್ದೀರಿ ಅಂತ.

ನಿಮ್ಮ ಊಹೆ ಬೇರೆಯಾಗಿ, ಅದು ಯಾಕೆ ತಪ್ಪು ಅಂತ ಪುಸ್ತಕದಲ್ಲಿ ಇಲ್ಲದಿದ್ದರೆ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದಿಡಿ. ಆಟ ಮುಗಿದ ಮೇಲೆ ಎಂಜಿನ್ ತೆರೆದು ಆ ನಡೆಗಳನ್ನು ಮಾತ್ರ ಕೇಳಿ. ಹೆಚ್ಚಿನ ಸಲ ನಿಮ್ಮ ನಡೆಗೆ ಎದುರಾಳಿಯ ಹತ್ತಿರ ಒಂದು ಉತ್ತರ ಇರುತ್ತದೆ. ಕೆಲವು ಸಲ ಪುಸ್ತಕದ ನಡೆಯಷ್ಟೇ ನಿಮ್ಮದೂ ಚೆನ್ನಾಗಿರುತ್ತದೆ. ಎಂಜಿನ್ ಇಲ್ಲದ ಕಾಲದ ಪುಸ್ತಕಗಳಲ್ಲಂತೂ ಒಮ್ಮೊಮ್ಮೆ ನಿಮ್ಮದೇ ಮೇಲಾಗಿರಲೂಬಹುದು.